ಚೆಲ್ಲೋದ ಕೆಳಗಿನ ‘ಸಿ’ ಕೊನೆಗೂ ಸಿಕ್ಕಿತು

ಕೋಣೆಯೊಂದರಲ್ಲಿ ಪುಟ್ಟ ಕಚೇರಿ: ಹದಿನಾರು ಜನ, ಒಂದು ಕ್ವಾರ್ಟೆಟ್ (ಎರಡು ಪಿಟೀಲು, ವಯೋಲಾ, ಚೆಲ್ಲೋ ಸೇರಿದ ನಾಲ್ವರ ಮೇಳ), ಆಮೇಲೆ ಊಟ, ಮಾತು. ಸ್ಟ್ಯಾಂಡು, ದೀಪ, ಬಡಿಸುವ ಹೊತ್ತು ಎಲ್ಲ ಕೂಡಿಬಂದವು. ಕಾಡಿದ್ದು ಒಂದೇ. ಹೈಡನ್‌ನ ಓಪಸ್ (ಕೃತಿಸಂಖ್ಯೆ) 76ರ 3ನೇ ಕ್ವಾರ್ಟೆಟ್‌ನಲ್ಲಿ ಚೆಲ್ಲೋದ ಖಾಲಿ (ಬೆರಳೊತ್ತದೆ ನುಡಿಸುವ) ಸಿ ತಂತಿ, ಅದರ ಅತಿ ಕೆಳಗಿನ ಸ್ವರ, ನಿಂತವರಿಗೆ ತುಂಬಿ ಕೇಳುತ್ತಿತ್ತು, ಕುರ್ಚಿಯಲ್ಲಿ ಕೂತವರಿಗೆ ಬುಡವೇ ಇರುತ್ತಿರಲಿಲ್ಲ. ಕೃತಿ ಇರುವುದೇ ಸಿ ಸ್ವರ ಆಧಾರವಾದ ಸಿ ಮೇಜರ್‌ನಲ್ಲಿ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಚೆಲ್ಲೋವನ್ನು ಅರ್ಧರ್ಧ ಮೀಟರ್ ಸರಿಸುತ್ತ ಏಳು ಜಾಗ ನೋಡಿದರೂ ಫರಕಿಲ್ಲ. ಸುಳಿವು ಅಲ್ಲೇ ಇತ್ತು: ಅಡ್ಡಡ್ಡ ಸರಿಸಿದರೆ ಬದಲಾಗದ್ದು ಎತ್ತರದ ತೊಂದರೆಯೇ ಆಗಿರಬೇಕು. ಟೇಪು ಹಿಡಿದರೆ ಸೂರು 2.6 ಮೀಟರ್. ಸದ್ದಿನ ವೇಗವನ್ನು (ಸೆಕೆಂಡಿಗೆ 343 ಮೀಟರ್) ಅದರ ಎರಡರಷ್ಟರಿಂದ ಭಾಗಿಸಿದರೆ 66 ಹರ್ಟ್ಸ್. ಚೆಲ್ಲೋದ ಸಿ 65.4! ನೆಲಕ್ಕೂ ಸೂರಿಗೂ ನಡುವೆ ನಿಲ್ಲುವ ಈ ಅಲೆಯ ಒತ್ತಡ ಎರಡು ತುದಿಗಳಲ್ಲಿ ಗರಿಷ್ಠ, ನಟ್ಟನಡುವೆ, 1.3 ಮೀಟರ್‌ನಲ್ಲಿ, ಸೊನ್ನೆ. ಕುರ್ಚಿಯಲ್ಲಿ ಕೂತವರ ಕಿವಿ ಸುಮಾರು 1.2 ಮೀಟರ್‌ನಲ್ಲಿರುತ್ತದೆ. ವಾದ್ಯದ ಪೆಟ್ಟಿಗೆಯೊಳಗಿನ ಗಾಳಿಯ ಅನುರಣನ 100 ಹರ್ಟ್ಸ್ ಆಸುಪಾಸಿನಲ್ಲಿರುವುದರಿಂದ ಚೆಲ್ಲೋದ ಮೂಲಸ್ವರ ಮೊದಲೇ ಬಡಕಲು. ಇದ್ದಷ್ಟೂ ಇಲ್ಲಿ ಕರಗುತ್ತದೆ. ಮೇಲಾಗಿ 132 ಹರ್ಟ್ಸ್‌ನ ಎರಡನೇ ಅಲೆ ಅದೇ ನಡುವಿನಲ್ಲಿ ಗರಿಷ್ಠ ಮುಟ್ಟುತ್ತದೆ. ವಯೋಲಾದ ಖಾಲಿ ಸಿ 130.8. ಚೆಲ್ಲೋ ಸೊರಗಿ ವಯೋಲಾ ಅರಚಿದ್ದಕ್ಕೆ ವಾದಕರು ಹೊಣೆಯಲ್ಲ.

ಜಮಖಾನ ಹಾಸಿದರೆ ಪಿಟೀಲಿನ ಹೊಳಪು ಹೋಗುತ್ತದೆಯೇ ಹೊರತು ಈ ಅಲೆಗೆ ಏನೂ ಆಗದು. ಇದರ ಕಾಲು ತರಂಗಾಂತರವೇ 1.3 ಮೀಟರ್, ತೆಳು ಹಾಸು ಅದನ್ನು ಹೀರಲಾರದು. 5 ಸೆಂಟಿಮೀಟರ್ ಫೋಮಿಗೆ ‘ಬಾಸ್ ಟ್ರ್ಯಾಪ್’ (ಮಂದ್ರ ಸದ್ದು ಹೀರುವ ಸಾಧನ) ಎಂದು ಚೀಟಿ ಅಂಟಿಸಿ ಮಾರುವವರನ್ನು ಕಂಡರೆ ಸಿಟ್ಟು ಬರುತ್ತದೆ. ಚೆಲ್ಲೋವನ್ನು 30 ಸೆಂಟಿಮೀಟರ್ ವೇದಿಕೆಗೆ ಏರಿಸುವುದೂ ತಪ್ಪು: ನಡುವಿನ ಸೊನ್ನೆಗೆ ಹತ್ತಿರವಾಗಿ ಅಲೆ ಇನ್ನೂ ಸೊರಗುತ್ತದೆ, ಪೊಳ್ಳು ಹಲಗೆ ತನ್ನದೇ ಗುಂಯ್ ಸೇರಿಸುತ್ತದೆ.

ಪರಿಹಾರ ಕಿವಿಯನ್ನೇ ಸರಿಸುವುದು. ನೆಲದ ಮೇಲೆ 8 ಸೆಂಟಿಮೀಟರ್ ಗಟ್ಟಿ ದಿಂಬು ಹಾಕಿದರೆ ಕಿವಿ 0.8 ಮೀಟರ್‌ಗೆ ಇಳಿಯುತ್ತದೆ; ಲೆಕ್ಕದ ಪ್ರಕಾರ ಮೊದಲ ಅಲೆಯ ಒತ್ತಡ ಗರಿಷ್ಠದ ಶೇ. 12ರಿಂದ 57ಕ್ಕೇರುತ್ತದೆ, ಎರಡನೆಯದು ಶೇ. 97ರಿಂದ 35ಕ್ಕಿಳಿಯುತ್ತದೆ. ಒಂದೇ ದಿಂಬಿನಿಂದ ಎರಡು ಕೆಲಸ! 75 ಸೆಂಟಿಮೀಟರ್ ಸ್ಟೂಲಿನಲ್ಲಿ ಕಿವಿ 1.5 ಮೀಟರ್, ಸಿಗುವುದು ಶೇ. 24 ಮಾತ್ರ. ಮಂಡಿನೋವಿನವರ ಕುರ್ಚಿಯನ್ನು ಗೋಡೆಗೆ ತಾಗಿಸಿ ಹಾಕಬೇಕು. ಅಲ್ಲಿ ಅಡ್ಡ ಅಲೆಗಳ ಒತ್ತಡ ಹೆಚ್ಚು, ಉಳಿದ ಮಂದ್ರಸ್ವರಗಳಾದರೂ ತುಂಬಿಬರುತ್ತವೆ. ಊಟ ಮಾತ್ರ ಮೇಜಿನ ಮೇಲೆಯೇ ಇರಲಿ.

ಮುಂದಿನದು ಮೊಜಾರ್ಟ್‌ನ 1789ರ ಕ್ಲಾರಿನೆಟ್ ಕ್ವಿಂಟೆಟ್ (ಕ್ವಾರ್ಟೆಟ್ ಜೊತೆ ಕ್ಲಾರಿನೆಟ್), ಅದೂ ಊಟದ ನಂತರ. ಅಲ್ಲಿ ಕಾಡುವುದು ಸೆಕೆ. ಸುಮ್ಮನೆ ಕೂತ ಒಬ್ಬರಿಂದ ಸುಮಾರು 100 ವ್ಯಾಟ್ ಎಂದರೆ ಹದಿನಾರು ಜನರಿಂದ 1,600. ಕೋಣೆ ಬಿಸಿಯಾದಂತೆ ಸ್ಟೀಲ್ ತಂತಿ ಸಡಿಲಿ ಶ್ರುತಿ ಇಳಿಯುತ್ತದೆ, ಕ್ಲಾರಿನೆಟ್ಟಿನದು ಏರುತ್ತದೆ. ಶ್ರುತಿ ಇಳಿಸಲು ಕ್ಲಾರಿನೆಟ್ಟಿನ ಬ್ಯಾರೆಲನ್ನು (ಊದುಬಾಯಿಯ ಕೆಳಗಿನ ಗಿಡ್ಡ ಕೊಳವೆ) ಎಷ್ಟೆಂದು ಹೊರಗೆಳೆಯುವುದು? ಅದನ್ನು ತಿಳಿಯಲು ಈ ಸಲ ಊಟಕ್ಕೆ ಮುಂಚೆ ಒಮ್ಮೆ, ಮಾತು ಮುಗಿದ ಮೇಲೆ ಒಮ್ಮೆ ಕೋಣೆಯ ಉಷ್ಣತೆಯನ್ನೂ ನಾಲ್ಕು ವಾದ್ಯಗಳ ‘ಎ’ ತಂತಿಯನ್ನೂ ಅಳೆದು ಬರೆದಿಡುವುದು.