ಮೇ ತಿಂಗಳ ಬಿಸಿಲಲ್ಲಿ ನೋಡಿದ ಗೌರಿಬಿದನೂರು

ಬೆಂಗಳೂರಿನ ಪೀಣ್ಯದ ನಮ್ಮ ಬಾಡಿಗೆ ಶೆಡ್‌ನಲ್ಲಿದ್ದ 8 ಸಿಎನ್‌ಸಿ ಲೇತ್ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡೆಯುವ ಯಂತ್ರ), 2 ವಿಎಂಸಿ (ಅದೇ ಥರದ ಮಿಲ್ಲಿಂಗ್ ಯಂತ್ರ), ಒಂದು ಸ್ಕ್ರೂ ಕಂಪ್ರೆಸರ್ ಮತ್ತು 22 ಜನರಿಗೆ ಹೊಸ ಊರು ಬೇಕಾಗಿತ್ತು. ವರ್ಷಕ್ಕೊಮ್ಮೆ ಏರುವ ಬಾಡಿಗೆ, ಇನ್ನೊಂದು ಯಂತ್ರ ಇಡಲು ಜಾಗವಿಲ್ಲದ ಇಕ್ಕಟ್ಟು, ಲಾರಿ ಒಳಗೆ ಬರಲು ರಾತ್ರಿಯಾಗಲಿ ಎಂದು ಕಾಯುವುದು, ಇವೆಲ್ಲ ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವ ಎಲ್ಲರಿಗೂ ಗೊತ್ತಿರುವ ಕಥೆ. ಗೌರಿಬಿದನೂರು ಪಟ್ಟಿಯಲ್ಲಿ ಮೇಲೆ ಬಂದದ್ದಕ್ಕೆ ಕಾರಣಗಳು ನೇರ. ಪೀಣ್ಯದಿಂದ ಸುಮಾರು 75 ಕಿ.ಮೀ., ದೊಡ್ಡಬಳ್ಳಾಪುರದ ಮೇಲೆ ಒಳ್ಳೆಯ ರಸ್ತೆ, ಬೆಂಗಳೂರಿಗೆ ರೈಲು, ಕುಡುಮಲಕುಂಟೆಯಲ್ಲಿ ಕೆಐಎಡಿಬಿ ಕೈಗಾರಿಕಾ ಪ್ರದೇಶ, ಪಕ್ಕದಲ್ಲೇ ಆಂಧ್ರದ ಹಿಂದೂಪುರ.

ಸಾಮಾನ್ಯವಾಗಿ ಜಾಗ ನೋಡಲು ಹೋಗುವುದು ದಸರಾ ಕಳೆದ ಮೇಲೆ, ಮಳೆ ನಿಂತು ಕೆರೆ ತುಂಬಿ ಎಲ್ಲ ಹಸಿರಾಗಿರುವಾಗ. ಆಗ ಬಯಲುಸೀಮೆಯ ಯಾವ ಊರೂ ಚೆನ್ನಾಗಿಯೇ ಕಾಣುತ್ತದೆ. ಕಾರ್ಖಾನೆಗೆ ಊರು ಆರಿಸುವವರು ನೋಡಬೇಕಾದದ್ದು ಮೇ ತಿಂಗಳಲ್ಲಿ. ಗಾಳಿಮಳೆಗೆ ಲೈನ್ ಬೀಳುವುದು, ಬೋರ್‌ವೆಲ್ ಬತ್ತುವುದು, ಅರ್ತಿಂಗ್ ಒಣಗುವುದು ಎಲ್ಲವೂ ಆಗಲೇ. ಅದಕ್ಕೇ ಈ ಓಡಾಟಕ್ಕೆ ಮೇ ಎರಡನೇ ವಾರದ ಒಂದು ದಿನ ಗೊತ್ತುಮಾಡಿದ್ದು.

ಬ್ರೋಕರ್‌ಗಳು ಮೊದಲು ಜಮೀನಿಗೇ ಕರೆದುಕೊಂಡು ಹೋಗುತ್ತಾರೆ. ಅಂದು ಅದನ್ನು ಕೊನೆಗಿಟ್ಟು, ಬೆಸ್ಕಾಂ ಶಾಖಾಧಿಕಾರಿಯ ಕಚೇರಿಯಲ್ಲಿ ವಿಷಯ ತಿಳಿಸಿ ಮೊದಲು ಸಬ್‌ಸ್ಟೇಷನ್‌ಗೆ ಹೋದೆವು. ಅಲ್ಲಿ ಕೇಳಬೇಕಾದದ್ದು ಒಂದೇ: ನಮ್ಮ ಶೆಡ್ ಮುಂದೆ ಹಾಯುವ 11 ಕೆವಿ ಲೈನ್ ಯಾವ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ವಿದ್ಯುತ್ ಮಾರ್ಗ)? ಹೊರಗಿನಿಂದ ಎಲ್ಲ ಕಂಬವೂ ಒಂದೇ ಥರ ಕಾಣುತ್ತದೆ. ಆದರೆ ಪಂಪ್‌ಸೆಟ್‌ಗಳ ಐಪಿ ಫೀಡರ್ ಆದರೆ ತ್ರೀ ಫೇಸ್ ಸಿಗುವುದು ದಿನಕ್ಕೆ 7 ಗಂಟೆ, ಅದೂ ಪಾಳಿಯಲ್ಲಿ. ನಿರಂತರ ಜ್ಯೋತಿ ಫೀಡರ್ ಹಳ್ಳಿಯ ಮನೆಗಳಿಗೆಂದು ಬೇರ್ಪಡಿಸಿದ್ದು. 24 ಗಂಟೆ ಬರುತ್ತದೆ, ಆದರೆ ಲೈನ್ ಉದ್ದ, ಮರದ ಕೊಂಬೆ ಬಿದ್ದರೆ ಇಡೀ ಹೋಬಳಿ ಕತ್ತಲು. ನಮಗೆ ಬೇಕಾದದ್ದು ಇಂಡಸ್ಟ್ರಿಯಲ್ ಫೀಡರ್, ಅದಿಲ್ಲದಿದ್ದರೆ ಪಟ್ಟಣದ ಫೀಡರ್.

ಕರೆಂಟ್ ಹೋದದ್ದು ಬಂದದ್ದು ಬರೆದಿಡುವ ಲಾಗ್ ಶೀಟ್ ನೋಡಬಹುದೇ ಎಂದಾಗ ಅಲ್ಲಿದ್ದ ಹಿರಿಯ ಆಪರೇಟರ್ ತಾವೇ ಹಿಂದಿನ ವರ್ಷದ ಕಟ್ಟು ತೆಗೆದರು. "ಸಾರ್, ಜನವರಿ ಹಾಳೆ ನೋಡಿದ್ರೆ ಏನೂ ಗೊತ್ತಾಗಲ್ಲ. ಏಪ್ರಿಲ್, ಮೇ ನೋಡಿ. ಎಷ್ಟು ಹೊತ್ತು ಹೋಯ್ತು ಅನ್ನೋದಲ್ಲ, ಎಷ್ಟು ಸಲ ಹೋಯ್ತು ಅಂತ ನೋಡಿ" ಎಂದರು. ಅವರ ಮಾತು ನೂರಕ್ಕೆ ನೂರು ಸರಿ. ಎರಡು ಗಂಟೆ ಒಟ್ಟಿಗೆ ಕರೆಂಟ್ ಹೋದರೆ ನಷ್ಟ ಎರಡು ಗಂಟೆ. ಎರಡೆರಡು ಸೆಕೆಂಡಿನಂತೆ ಹತ್ತು ಸಲ ಹೋದರೆ ಹತ್ತು ಸಲವೂ ಕಟಿಂಗ್ ನಡುವೆ ಸ್ಪಿಂಡಲ್ (ಯಂತ್ರದ ತಿರುಗುವ ದಂಡ) ನಿಲ್ಲುತ್ತದೆ, ಲೋಹ ಕತ್ತರಿಸುವ ಕಾರ್ಬೈಡ್ ಇನ್ಸರ್ಟ್ ಮೂಲೆ ಮುರಿಯುತ್ತದೆ, ಜಾಬ್ (ತಯಾರಾಗುತ್ತಿರುವ ಭಾಗ) ಸ್ಕ್ರ್ಯಾಪ್ ಆಗುತ್ತದೆ. ಜನರೇಟರ್ ಅದಕ್ಕೆ ಪರಿಹಾರವಲ್ಲ, ಅದು ಶುರುವಾಗುವ ಹೊತ್ತಿಗೆ ಇನ್ಸರ್ಟ್ ಹೋಗಿರುತ್ತದೆ. ಕಂಟ್ರೋಲ್‌ಗೆ ಮಾತ್ರ ಯುಪಿಎಸ್ ಕೊಟ್ಟರೆ ಪ್ರೋಗ್ರಾಂ ಉಳಿದೀತು, ಜಾಬ್ ಉಳಿಯದು. ಇನ್ನು ಡೀಸೆಲ್ ಲೆಕ್ಕ: ಲೀಟರಿಗೆ ಸುಮಾರು ಮೂರೂವರೆ ಯೂನಿಟ್ ಎಂದುಕೊಂಡರೆ ಎಣ್ಣೆ ಖರ್ಚೊಂದೇ ಯೂನಿಟ್ಟಿಗೆ ₹25ರ ಆಸುಪಾಸು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಜನರೇಟರ್ ಓಡಿಸಬೇಕಾದ ಊರಿನಲ್ಲಿ ಜಮೀನು ಪುಕ್ಕಟೆ ಕೊಟ್ಟರೂ ಬೇಡ.

ಅಲ್ಲಿಂದ ಶೆಡ್. ಊರ ಹೊರಗೆ ಮೊದಲು ಗೋದಾಮಾಗಿದ್ದ 60 ಅಡಿ ಅಗಲ, 110 ಅಡಿ ಉದ್ದದ ಕಟ್ಟಡ. ಮೀಟರ್ ಬೋರ್ಡ್‌ನಲ್ಲಿ ಮಲ್ಟಿಮೀಟರ್ ಹಿಡಿದಾಗ ಬೆಳಿಗ್ಗೆ 10ಕ್ಕೆ ಎರಡು ಫೇಸ್‌ಗಳ ನಡುವೆ 428 ವೋಲ್ಟ್. ಇಷ್ಟಕ್ಕೇ ಖುಷಿಯಾಗಿ ಮೀಟರ್ ಚೀಲಕ್ಕೆ ಹಾಕುವವರೇ ಹೆಚ್ಚು. ಮಧ್ಯಾಹ್ನ ಪಂಪ್‌ಸೆಟ್ ಪಾಳಿ ಶುರುವಾದ ಮೇಲೆ ಅದೇ ಜಾಗದಲ್ಲಿ 391, ಸಂಜೆ 7ಕ್ಕೆ 376. ಸಿಎನ್‌ಸಿ ಯಂತ್ರಗಳಿಗೆ 415 ವೋಲ್ಟ್‌ನಿಂದ ಶೇ. 10 ಏರಿಳಿತ ಸಹ್ಯ, ಎಂದರೆ ಕೆಳಗಿನ ಗಡಿ 374. ಖಾಲಿ ಶೆಡ್‌ನಲ್ಲೇ 376 ಇದ್ದರೆ ಎಂಟು ಸ್ಪಿಂಡಲ್ ಒಟ್ಟಿಗೆ ಎದ್ದಾಗ ಡ್ರೈವ್‌ಗಳು (ಮೋಟರ್ ನಡೆಸುವ ಘಟಕಗಳು) ಲೋ ವೋಲ್ಟೇಜ್ ಅಲಾರಂ ಕೊಟ್ಟು ನಿಲ್ಲುವುದು ಖಂಡಿತ. ಸರ್ವೊ ಸ್ಟೆಬಿಲೈಸರ್‌ನಿಂದ ಸ್ವಲ್ಪ ಸರಿಹೋದೀತು, ಆದರೆ ಲೈನೇ ದುರ್ಬಲವಾಗಿದ್ದರೆ ಸ್ಟೆಬಿಲೈಸರ್ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ, ಲೈನ್ ಇನ್ನೂ ಇಳಿಯುತ್ತದೆ. ಸರಿಯಾದ ದಾರಿ ಗೇಟಿನ ಬಳಿ ನಮ್ಮದೇ 100 ಕೆವಿಎ ಟ್ರಾನ್ಸ್‌ಫಾರ್ಮರ್. ಅದರ ಎಸ್ಟಿಮೇಟ್, ಕಂಬ, ಕೇಬಲ್, ಮೇಲ್ವಿಚಾರಣಾ ಶುಲ್ಕ ಎಲ್ಲವನ್ನೂ ಜಾಗದ ಬೆಲೆಗೆ ಸೇರಿಸಿ ನೋಡಬೇಕು. ಹಾಗೆ ಸೇರಿಸಿದರೆ ಅಗ್ಗದ ಶೆಡ್ ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ.

ಗೌರಿಬಿದನೂರಿನ ನೆಲದ ಬಗ್ಗೆ ಒಂದು ಮಾತು. ಭೂಕಂಪ ಮತ್ತು ಭೂಗತ ಅಣುಸ್ಫೋಟಗಳ ಕಂಪನ ಅಳೆಯಲು ಈಗ ಭಾಭಾ ಅಣು ಸಂಶೋಧನಾ ಕೇಂದ್ರದ ಕೈಯಲ್ಲಿರುವ ಸೀಸ್ಮಿಕ್ ಅರೇ (ಕಂಪನಮಾಪಕಗಳ ಸಾಲು) 1965ರಲ್ಲಿ ಶುರುವಾದದ್ದು ಇದೇ ಊರಿನ ಬಳಿ. ಕೆಳಗೆ ಗಟ್ಟಿ ಬಂಡೆ, ಸುತ್ತ ಗದ್ದಲ ಕಡಿಮೆ. ಯಂತ್ರದ ಲೆವೆಲ್ ಕದಲದೆ ನಿಲ್ಲಲು ಇಂಥ ನೆಲ ಬಹಳ ಒಳ್ಳೆಯದು. ಆದರೆ ಅದೇ ಬಂಡೆಯಿಂದ ಅರ್ತಿಂಗ್‌ಗೆ ತೊಂದರೆ. ಶೆಡ್‌ನ ಹಳೆಯ ಅರ್ತ್ ಪಿಟ್ ಅಳೆದಾಗ 7 ಓಮ್. ಸಿಎನ್‌ಸಿಗೆ 1 ಓಮ್‌ಗಿಂತ ಕಡಿಮೆ ಬೇಕು, ನ್ಯೂಟ್ರಲ್ ಮತ್ತು ಅರ್ತ್ ನಡುವೆ 2 ವೋಲ್ಟ್ ದಾಟಬಾರದು. ಅರ್ತ್ ಕೆಟ್ಟಿದ್ದರೆ ತಿಂಗಳಿಗೊಂದು ಬೋರ್ಡ್ ಸುಡುತ್ತದೆ, ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ. 3 ಮೀಟರ್ ರಾಡ್‌ಗಳನ್ನು ಕನಿಷ್ಠ 6 ಮೀಟರ್ ಅಂತರದಲ್ಲಿ ನಾಲ್ಕೈದು ಕಡೆ ಇಳಿಸಿ ತಾಮ್ರದ ಪಟ್ಟಿಯಿಂದ ಒಂದಕ್ಕೊಂದು ಜೋಡಿಸಬೇಕು; ಉಪ್ಪು-ಇದ್ದಿಲು ಬದಲು ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಬೇಕು. ಉಪ್ಪು ಒಂದೆರಡು ಮಳೆಗೆ ಕೊಚ್ಚಿಹೋಗುತ್ತದೆ, ಜೊತೆಗೆ ರಾಡನ್ನೂ ತಿನ್ನುತ್ತದೆ. ಇದೇ ಪಿಟ್ಟನ್ನು ಆಗಸ್ಟ್‌ನಲ್ಲಿ ಅಳೆದಿದ್ದರೆ ಅರ್ಧದಷ್ಟು ತೋರಿಸಿ ಸಮಾಧಾನ ಹೇಳುತ್ತಿತ್ತು.

ಶೆಡ್‌ನ ನೆಲಗಾರೆ ಬಾಗಿಲ ಬಳಿ ಒಡೆದಿತ್ತು, ಅಂಚಿನಲ್ಲಿ ದಪ್ಪ ಕಾಣುತ್ತಿತ್ತು: 4 ಇಂಚು. ಚೀಲ ಜೋಡಿಸಲು ಸಾಕು, ಮೂರೂವರೆ ಟನ್ ಲೇತಿಗೆ ಸಾಲದು. ಯಂತ್ರ ಕೂರುವಲ್ಲಿ ಕತ್ತರಿಸಿ ತೆಗೆದು 8 ಇಂಚು ಎಂ25 ದರ್ಜೆಯ ಕಾಂಕ್ರೀಟ್ ಹಾಕಬೇಕು, 28 ದಿನ ಬಿಡಬೇಕು. ಗೇಟಿನ ತಿರುವನ್ನೂ ಅಳೆದೆವು: ಕಬ್ಬಿಣದ ಬಾರ್ 6 ಮೀಟರ್ ಉದ್ದದಲ್ಲಿ ಬರುತ್ತದೆ, ಆ ಲಾರಿ ತಿರುಗದಿದ್ದರೆ ಪ್ರತಿ ಸಲ ರಸ್ತೆಯಲ್ಲೇ ಇಳಿಸಿ ಹೊರಬೇಕು.

ನೀರಿನ ವಿಷಯದಲ್ಲಿ ಎಲ್ಲರೂ ಕೇಳುವುದು ಎಷ್ಟಿದೆ ಎಂದು. ನಮ್ಮಂಥ ವರ್ಕ್‌ಶಾಪ್‌ಗೆ ಹೆಚ್ಚು ನೀರು ಬೇಕಾಗಿಲ್ಲ. 22 ಜನರ ಬಳಕೆಗೆ ಸಾವಿರ ಲೀಟರ್, ಕೂಲಂಟ್‌ಗೆ (ಕಟಿಂಗ್ ತಂಪಾಗಿಸಲು ಸುರಿಯುವ ಎಣ್ಣೆ ಬೆರೆತ ನೀರು) ಇನ್ನೂರು, ಟ್ಯಾಂಕರ್‌ನಲ್ಲೂ ನಡೆಯುತ್ತದೆ. ಕೇಳಬೇಕಾದದ್ದು ಎಂಥ ನೀರು ಎಂದು. ಈ ಭಾಗದ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಕೂಡ ಇದೆ. ಕುಡಿಯಲು ಶುದ್ಧೀಕರಿಸಿದ ನೀರೇ ಬೇಕು. ಗಡಸುತನದ ಕಿಟ್‌ನಲ್ಲಿ ಶೆಡ್‌ನ ಬೋರ್ 600 ಪಿಪಿಎಂ ದಾಟಿತು. ಒಂದು ಲೀಟರ್ ಬಾಟಲಿಗೆ ಅದೇ ನೀರು ತುಂಬಿ, ಅದರ ಮೇಲೆ 60 ಮಿ.ಲೀ. ಕೂಲಂಟ್ ಎಣ್ಣೆ ಸುರಿದು ಕುಲುಕಿ ಕಿಟಕಿಯಲ್ಲಿಟ್ಟೆವು. (ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ, ತಿರುಗುಮುರುಗಾದರೆ ಒಳ್ಳೆಯ ನೀರಿನಲ್ಲೂ ಒಡೆಯುತ್ತದೆ.) ಊಟ ಮುಗಿಸಿ ಬರುವಷ್ಟರಲ್ಲಿ ಬಾಟಲಿಯ ಕತ್ತಿನಲ್ಲಿ ಬೆರಳಗಲ ಕೆನೆ ಕಟ್ಟಿತ್ತು, ಕೆಳಗೆ ತೆಳು ಬೂದು ನೀರು. ಯಂತ್ರದ ಟ್ಯಾಂಕಿನಲ್ಲಿ ಹೀಗಾದರೆ ಸಂಜೆ ತೆಗೆದ ಜಾಬ್ ಬೆಳಿಗ್ಗೆಗೆ ತುಕ್ಕು, ವಾರಕ್ಕೆ ವಾಸನೆ, ಆಪರೇಟರ್ ಕೈಗೆ ತುರಿಕೆ. ಸಾಫ್ಟ್‌ನರ್ ಹಾಕಿದರೆ ಗಡಸುತನ ಹೋದರೂ ಕ್ಲೋರೈಡ್ ಉಳಿಯುತ್ತದೆ, ತುಕ್ಕು ನಿಲ್ಲುವುದಿಲ್ಲ. ಚಿಕ್ಕ ಆರ್‌ಒ ಹಾಕಿ, ಅದರ ನೀರಿಗೆ ಸ್ವಲ್ಪ ಬೋರ್ ನೀರು ಬೆರೆಸಿ 100-150 ಪಿಪಿಎಂಗೆ ತರುವುದು ಸರಿ. ಬರೀ ಆರ್‌ಒ ನೀರಾದರೆ ನೊರೆ ಉಕ್ಕುತ್ತದೆ.

ಇನ್ನು ಹೊರಗಿನ ಕೆಲಸ. ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್, ಜಿಂಕ್ ಪ್ಲೇಟಿಂಗ್, ಸೆಂಟರ್‌ಲೆಸ್ ಗ್ರೈಂಡಿಂಗ್ ಎಲ್ಲ ಎರಡು ಬೀದಿ ಆಚೆ. ಹುಡುಗ ಬೈಕಿನಲ್ಲಿ ಕ್ರೇಟ್ ಇಟ್ಟುಕೊಂಡು ಹೋಗಿ ಬರುತ್ತಾನೆ. ಚಿಕ್ಕ ಊರಿಗೆ ಬಂದ ಮೇಲೆ ಅದು ವಾರಕ್ಕೆರಡು ಸಲ ಟಾಟಾ ಏಸ್, ಹೋಗಿ ಬರಲು 150 ಕಿ.ಮೀ. ಬಾಡಿಗೆಯನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಲೆಕ್ಕಕ್ಕೆ ಬಾರದೆ ಹೋಗುವುದು ನಡುವೆ ಸಿಕ್ಕಿಕೊಳ್ಳುವ ಮಾಲು. ಎರಡು ದಿನದಲ್ಲಿ ತಿರುಗಿ ಬರುತ್ತಿದ್ದ ಜಾಬ್ ಈಗ ಒಂದು ವಾರ ಹೊರಗಿರುತ್ತದೆ, ಅಷ್ಟು ದಿನದ ಹಣವೂ ಅದರೊಳಗೇ ಇರುತ್ತದೆ. ಸ್ಥಳಾಂತರದ ವರ್ಷ ದುಡಿಯುವ ಬಂಡವಾಳ ಸಾಲದೆ ಮುಗ್ಗರಿಸುವುದು ಇಲ್ಲಿಯೇ. ಬಿಡಿಭಾಗಗಳದ್ದೂ ಇದೇ ಪಾಡು: ಪ್ರಾಕ್ಸಿಮಿಟಿ ಸ್ವಿಚ್, ಸೊಲೆನಾಯ್ಡ್ ವಾಲ್ವ್, ಕಾಂಟ್ಯಾಕ್ಟರ್, ಬೆಲ್ಟ್, ಓ-ರಿಂಗ್, ತಿಂಗಳಿಗಾಗುವಷ್ಟು ಇನ್ಸರ್ಟ್ ಕಪಾಟಿನಲ್ಲಿರಬೇಕು. ನೂರು ರೂಪಾಯಿಯ ಓ-ರಿಂಗ್‌ಗಾಗಿ ಒಂದು ದಿನ ಯಂತ್ರ ನಿಲ್ಲಿಸುವಂತಾಗಬಾರದು.

ಸಂಜೆ ರೈಲು ನಿಲ್ದಾಣಕ್ಕೆ ಹೋದೆವು. ಬೆಂಗಳೂರಿನ ಕಡೆಯಿಂದ ಬಂದ ಗಾಡಿಯಿಂದ ಇಳಿದವರ ಹೆಗಲಲ್ಲಿ ಊಟದ ಚೀಲ, ಹಲವರ ಶರ್ಟಿನ ಮೇಲೆ ಕಂಪನಿ ಹೆಸರು. ನಮಗೆ ಬೇಕಾದ ಜನ ಇವರೇ. ಗೌರಿಬಿದನೂರು, ಮಂಚೇನಹಳ್ಳಿ, ಮಧುಗಿರಿ, ಹಿಂದೂಪುರದಿಂದ ಬೆಳಗಿನ ಜಾವ ಎದ್ದು ದೊಡ್ಡಬಳ್ಳಾಪುರ, ಯಲಹಂಕಕ್ಕೆ ಹೋಗಿ ದುಡಿಯುವ, ಫಿಟ್ಟರ್, ಟರ್ನರ್ ಕೆಲಸ ಬಲ್ಲ ಹುಡುಗರು. ದಿನಕ್ಕೆ ಮೂರ್ನಾಲ್ಕು ಗಂಟೆ ಓಡಾಟ ತಪ್ಪುತ್ತದೆಂದರೆ ಒಂದೆರಡು ಸಾವಿರ ಸಂಬಳ ಕಡಿಮೆಯಾದರೂ ಬರುತ್ತಾರೆ. ಹಾಗೆಂದು ಕಡಿಮೆ ಕೊಡುವುದು ಸರಿಯಲ್ಲ. ಕೈಪಳಗಿದವನನ್ನು ಉಳಿಸಿಕೊಳ್ಳಲು ಪೀಣ್ಯದ ಸಂಬಳವನ್ನೇ ಕೊಡಬೇಕು, ಉಳಿತಾಯ ಬಾಡಿಗೆಯಲ್ಲಿ ಆಗಲಿ.

ಆದರೆ ಮೊದಲು ಕೇಳಬೇಕಾದದ್ದು ಈಗಿರುವ 22 ಜನರನ್ನು. ಊರು ಗೊತ್ತಾದ ಮೇಲೆ ಅವರಿಗೆ ಹೇಳುವುದು ಅನ್ಯಾಯ. ಹತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತ ಆಪರೇಟರ್‌ಗೆ ಅದರ ಸದ್ದಿನಲ್ಲೇ ಬೇರಿಂಗ್ ಸವೆದದ್ದು ತಿಳಿಯುತ್ತದೆ. ಅವನನ್ನು ಬಿಟ್ಟು ಯಂತ್ರ ಮಾತ್ರ ಹೊತ್ತು ತಂದರೆ ಅರ್ಧ ಕಾರ್ಖಾನೆ ಹಿಂದೆಯೇ ಉಳಿಯಿತು ಎಂದೇ ಅರ್ಥ. ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು, ಮನೆಯವರೊಂದಿಗೆ ಮಾತಾಡಲು ಸಮಯ ಕೊಡಬೇಕು. ಮಕ್ಕಳ ಶಾಲೆ ಎಲ್ಲಕ್ಕಿಂತ ಮುಖ್ಯ. ಏಪ್ರಿಲ್-ಮೇ ರಜೆಯಲ್ಲಿ ಸ್ಥಳಾಂತರ ಮಾಡಿದರೆ ಜೂನ್‌ನಲ್ಲಿ ಹೊಸ ಶಾಲೆಗೆ ಸೇರಿಸಬಹುದು. ಡಿಸೆಂಬರ್‌ನಲ್ಲಿ ಮಾಡಿದರೆ ಬರಬೇಕೆಂದಿದ್ದವರೂ ಹಿಂದೆ ಸರಿಯುತ್ತಾರೆ. ಬರಲಾಗದವರ ಗ್ರಾಚ್ಯುಟಿ, ಬಾಕಿ ರಜೆಯ ಹಣವನ್ನು ಯಂತ್ರ ಎತ್ತುವ ಮೊದಲೇ ಎಣಿಸಿಡಬೇಕು. ಹೊಸದಾಗಿ ಸೇರುವ ಸ್ಥಳೀಯರಿಗೆ ಹೊಲವಿರುತ್ತದೆ. ಇದು ಮುಸುಕಿನ ಜೋಳದ ಸೀಮೆ, ಬಿತ್ತನೆ ಮತ್ತು ಕಟಾವಿನ ವಾರಗಳಲ್ಲಿ, ಊರ ಜಾತ್ರೆಯಲ್ಲಿ ಹಾಜರಿ ಇಳಿಯುತ್ತದೆ. ಅದಕ್ಕೆ ಸಿಟ್ಟಾಗುವ ಬದಲು ಆ ವಾರಗಳನ್ನು ವರ್ಷದ ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತಿಸಿ ಮಾಲು ಮುಂಚೆ ತಯಾರಿಸಿಡಬೇಕು.

ಜಮೀನು ಕೊಳ್ಳುವವರಿಗೆ ಕಾಗದಪತ್ರದ ಬಗ್ಗೆ ಎರಡೇ ಮಾತು. ಪಹಣಿ, ಮ್ಯುಟೇಷನ್, ಆಕಾರಬಂದ್, 11ಇ ನಕ್ಷೆ, 30 ವರ್ಷದ ಋಣಭಾರ ಪತ್ರ, ಭೂಪರಿವರ್ತನೆ ಆದೇಶ ಎಲ್ಲವನ್ನೂ ವಕೀಲರು ನೋಡುತ್ತಾರೆ. ಮೂಲದಲ್ಲಿ ಆ ಜಮೀನು ಸರ್ಕಾರದಿಂದ ಮಂಜೂರಾದದ್ದೇ ಎಂದು ಒತ್ತಿ ಕೇಳಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಪಿಟಿಸಿಎಲ್ (ಕೆಲವು ಜಮೀನುಗಳ ವರ್ಗಾವಣೆ ನಿಷೇಧ) ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದ ಕ್ರಯ ನಿಲ್ಲುವುದಿಲ್ಲ. ಜಮೀನು ಮರಳಿ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ, ಕೇಳುವುದು ನ್ಯಾಯವೂ ಹೌದು. ನಕಾಶೆಯಲ್ಲಿ ದಾರಿ ಇದೆಯೇ, ಹಳ್ಳ ಹಾದಿದೆಯೇ ಎಂಬುದನ್ನು ಸರ್ವೆ ನಕ್ಷೆ ಕೈಯಲ್ಲಿ ಹಿಡಿದು ನಡೆದೇ ನೋಡಬೇಕು. ನಮ್ಮ ಅಭಿಪ್ರಾಯದಲ್ಲಿ ಮೊದಲ ಮೂರು ವರ್ಷ ಬಾಡಿಗೆ ಶೆಡ್ಡೇ ಸರಿ. ಊರು ಒಗ್ಗದಿದ್ದರೆ ಯಂತ್ರ ಎತ್ತಿಕೊಂಡು ಹೊರಡಬಹುದು.

ಸ್ಥಳಾಂತರವೂ ಎರಡು ಕಂತಿನಲ್ಲಿ ಆಗಬೇಕು. ವಾಹನ ಬಿಡಿಭಾಗ ಕೊಳ್ಳುವ ಗ್ರಾಹಕರು ತಯಾರಿಕೆಯ ಜಾಗ ಬದಲಾದರೆ ಪಿಪಿಎಪಿ (ಮಾದರಿ ಮತ್ತು ದಾಖಲೆ ತೋರಿಸಿ ಪಡೆಯುವ ಒಪ್ಪಿಗೆ) ಮತ್ತೆ ಕೇಳುತ್ತಾರೆ. ಆ ಒಪ್ಪಿಗೆ ಸಿಗುವವರೆಗೆ ಪೀಣ್ಯದಲ್ಲಿ ನಾಲ್ಕು ಯಂತ್ರ ಓಡುತ್ತಿರಬೇಕು, ಒಂದೂವರೆ ತಿಂಗಳ ಮಾಲು ಮುಂಚೆ ಕಟ್ಟಿರಬೇಕು. ಜಿಎಸ್‌ಟಿ ವಿಳಾಸ ಬದಲಾವಣೆಯನ್ನು 15 ದಿನದೊಳಗೆ ಸಲ್ಲಿಸಬೇಕು, ಉದ್ಯಮ್ ನೋಂದಣಿ, ಇಎಸ್‌ಐ, ಪಿಎಫ್ ಅದರ ಬೆನ್ನಿಗೆ. ಯಂತ್ರ ಎತ್ತುವ ಮುನ್ನ ಪ್ಯಾರಾಮೀಟರ್ (ಯಂತ್ರದ ಸೆಟ್ಟಿಂಗ್) ಮತ್ತು ಪ್ರೋಗ್ರಾಂಗಳನ್ನು ಮೆಮೊರಿ ಕಾರ್ಡಿಗೆ ಇಳಿಸಿ, ಕರೆಂಟ್ ಇರುವಾಗಲೇ ಕಂಟ್ರೋಲ್ ಬ್ಯಾಟರಿ ಮತ್ತು ಎನ್‌ಕೋಡರ್ (ಚಲನೆಯ ಸ್ಥಾನ ಅಳೆಯುವ ಭಾಗ) ಬ್ಯಾಟರಿ ಹೊಸದು ಹಾಕಬೇಕು. ಕರೆಂಟ್ ತೆಗೆದು ಬದಲಿಸಿದರೆ ಎಲ್ಲ ಅಳಿಸಿಹೋಗಬಹುದು. ಸ್ಲೈಡ್‌ಗಳಿಗೆ ಕಂಪನಿಯ ಬ್ರಾಕೆಟ್ ಬಿಗಿದು ಹೈಡ್ರಾ ಕ್ರೇನ್‌ನಿಂದ ಎತ್ತಬೇಕು. ಹೊಸ ಶೆಡ್‌ನಲ್ಲಿ ಮೇನ್ ಹಾಕುವ ಮುಂಚೆ ಫೇಸ್ ಸೀಕ್ವೆನ್ಸ್ (ಮೂರು ಫೇಸ್‌ಗಳ ಸರದಿ) ನೋಡಬೇಕು: ತಿರುಗುಮುರುಗಾಗಿದ್ದರೆ ಸರ್ವೊ ಏನೂ ಹೇಳದು, ಹೈಡ್ರಾಲಿಕ್ ಪಂಪ್ ಉಲ್ಟಾ ತಿರುಗಿ ಒಣಗಿಯೇ ಕೆಡುತ್ತದೆ. ಲೆವೆಲ್ 0.02 ಮಿ.ಮೀ. ಪ್ರತಿ ಮೀಟರಿನ ಸ್ಪಿರಿಟ್ ಲೆವೆಲ್‌ನಿಂದ ಕಟ್ಟಿ, ಮೂರು ವಾರ ಓಡಿಸಿ, ಕಾಂಕ್ರೀಟ್ ಕುಳಿತ ಮೇಲೆ ಇನ್ನೊಮ್ಮೆ ಕಟ್ಟಬೇಕು.