‘ಎಲ್ಲಿಂದ ಶುರು ಮಾಡಲಿ?’ ಅಂದವರಿಗೆ: ಮೂರನೆಯದರಿಂದ

ಇಂಗ್ಲೆಂಡಿನ ಹಾಸ್ಯ-ಫ್ಯಾಂಟಸಿ ಕಾದಂಬರಿಕಾರ ಟೆರ್ರಿ ಪ್ರ್ಯಾಚೆಟ್ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಹಾಗಾಗಿ ಈ ಪ್ರಶ್ನೆ ನನ್ನನ್ನು ಬಿಟ್ಟಿದ್ದೇ ಇಲ್ಲ: ‘ಡಿಸ್ಕ್‌ವರ್ಲ್ಡ್ ಸರಣಿ ಓದಬೇಕು ಅಂತ ಆಸೆ. ಆದರೆ 41 ಕಾದಂಬರಿ ಇದೆಯಂತಲ್ಲ, ಎಲ್ಲಿಂದ ಶುರು ಮಾಡಲಿ?’

ಮೂರನೆಯದರಿಂದ. 1987ರಲ್ಲಿ ಬಂದ ‘ಈಕ್ವಲ್ ರೈಟ್ಸ್’.

ಮೊದಲನೆಯದು ಯಾಕೆ ಬೇಡ? 1983ರ ‘ದಿ ಕಲರ್ ಆಫ್ ಮ್ಯಾಜಿಕ್’ ಕೆಟ್ಟ ಪುಸ್ತಕ ಏನಲ್ಲ. ಆದರೆ ಅದು ಕತ್ತಿ, ಮಂತ್ರ, ಮಹಾವೀರರ ಕಥೆಗಳನ್ನು ಗೇಲಿ ಮಾಡುವ ಪುಸ್ತಕ. ಆ ಕಥೆಗಳನ್ನು ಓದಿರದಿದ್ದರೆ, ಪರಿಚಯವೇ ಇಲ್ಲದವರ ಮಿಮಿಕ್ರಿ ನೋಡಿದ ಹಾಗಾಗುತ್ತದೆ. ಪಕ್ಕದವರು ನಗುತ್ತಿರುತ್ತಾರೆ, ನಾವು ಸುಮ್ನೆ ಕೂತಿರುತ್ತೇವೆ. ನಾನು ಅಲ್ಲಿಂದಲೇ ಶುರು ಮಾಡಿ ಅರ್ಧಕ್ಕೆ ಬಿಟ್ಟವನು. ಮತ್ತೆ ಪ್ರ್ಯಾಚೆಟ್ ಕೈಗೆತ್ತಿಕೊಳ್ಳಲು ವರ್ಷಗಳೇ ಬೇಕಾದವು.

ಹಿಂದಿನ ಎರಡು ಪುಸ್ತಕಗಳಿಂದ ತಿಳಿದಿರಬೇಕಾದದ್ದು ಒಂದೇ. ಈ ಲೋಕ ತಟ್ಟೆಯ ಹಾಗೆ ಚಪ್ಪಟೆ. ಅದನ್ನು ನಾಲ್ಕು ಆನೆಗಳು ಹೊತ್ತಿವೆ, ಆನೆಗಳು ಒಂದು ಆಮೆಯ ಮೇಲೆ ನಿಂತಿವೆ, ಆಮೆ ಆಕಾಶದಲ್ಲಿ ಈಜುತ್ತಾ ಹೋಗುತ್ತಿದೆ. ಸಾಕು.

ಈಗ ಕಥೆ. ಎಂಟನೇ ಮಗನಿಗೆ ಹುಟ್ಟಿದ ಎಂಟನೇ ಮಗ ಮಾಂತ್ರಿಕನಾಗುತ್ತಾನೆ ಅನ್ನುವುದು ಅಲ್ಲಿನ ನಿಯಮ. ಸಾವು ಹತ್ತಿರ ಬಂದ ಮುದಿ ಮಾಂತ್ರಿಕನೊಬ್ಬ ತನ್ನ ಮಂತ್ರದ ಕೋಲನ್ನು ದಾಟಿಸಲು ಅಂಥ ಮಗುವನ್ನು ಹುಡುಕಿಕೊಂಡು ಬೆಟ್ಟದೂರಿನ ಕಮ್ಮಾರನ ಮನೆಗೆ ಬರುತ್ತಾನೆ. ಮಗು ಹುಟ್ಟುತ್ತದೆ. ಅವನಿಗೆ ಅವಸರ, ಕಮ್ಮಾರನಿಗೆ ಗಾಬರಿ. ಕೋಲು ಮಗುವಿನ ಕೈಗೆ ದಾಟಿಯೇಬಿಡುತ್ತದೆ. ಆಮೇಲೆ ನೋಡಿದರೆ, ಹುಟ್ಟಿದ್ದು ಹೆಣ್ಣು!

ಆ ಲೋಕದಲ್ಲಿ ಗಂಡಸರು ಮಾಂತ್ರಿಕರು, ಹೆಂಗಸರು ಮಾಟಗಾತಿಯರು. ಆಚೀಚೆ ಆಗುವ ಹಾಗಿಲ್ಲ. ಇದನ್ನು ಗಟ್ಟಿಯಾಗಿ ನಂಬಿದವರು ಗಡ್ಡದ ಮಾಂತ್ರಿಕರು ಮಾತ್ರ ಅಲ್ಲ. ಹೆರಿಗೆ ಮಾಡಿಸಿದ ಮಾಟಗಾತಿ ಗ್ರ್ಯಾನಿ ವೆದರ್‌ವ್ಯಾಕ್ಸ್ ಕೂಡ ಹಾಗೇ ನಂಬಿದವಳು. ಹೆಣ್ಣು ಮಾಂತ್ರಿಕಳಾಗುವುದೇ? ಛೆ! ನನಗೆ ಪುಸ್ತಕ ಹಿಡಿಸಿದ್ದೇ ಇಲ್ಲಿ. ಹುಡುಗಿಯ ಮೊದಲ ಅಡ್ಡಿ ದುಷ್ಟರಲ್ಲ, ಅವಳ ಮೇಲೆ ಪ್ರಾಣ ಇಟ್ಟುಕೊಂಡ ಒಬ್ಬ ಒಳ್ಳೆಯ ಮುದುಕಿ. ಅದೇ ಮುದುಕಿ ಕೊನೆಗೆ ಹುಡುಗಿಯ ಪರವಾಗಿ ಮಾಂತ್ರಿಕರ ಮುಖ್ಯಸ್ಥನ ಎದುರೇ ನಿಲ್ಲುತ್ತಾಳೆ.

ಹುಡುಗಿಯ ಹೆಸರು ಎಸ್ಕ್. ಮಾಂತ್ರಿಕರ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಸೀಟು ಸಿಗುವುದಿಲ್ಲ. ಸಿಗುವುದು ಕೆಲಸದವಳ ಜಾಗ. ಕೋಲನ್ನು ಕಸಬರಿಗೆಯ ವೇಷದಲ್ಲಿ ಒಳಗೆ ತರುತ್ತಾಳೆ. ಗುಡಿಸುತ್ತಾ ಗುಡಿಸುತ್ತಾ ಪಾಠ ಕೇಳುತ್ತಾಳೆ. ಕೈಯಲ್ಲಿರುವುದು ಬರೀ ಕಸಬರಿಗೆ ಅಲ್ಲ ಅಂತ ಅಷ್ಟು ಜನ ಪಂಡಿತರಲ್ಲಿ ಯಾರಿಗೂ ಹೊಳೆಯುವುದಿಲ್ಲ. ಪ್ರ್ಯಾಚೆಟ್ ಭಾಷಣ ಮಾಡುವುದಿಲ್ಲ, ಇಂಥ ಒಂದು ಕಸಬರಿಗೆ ಇಟ್ಟು ಮುಂದೆ ಹೋಗುತ್ತಾನೆ.

ಹೆಸರಿನಲ್ಲೂ ಒಂದು ಕಿತಾಪತಿ ಇದೆ. ಇಂಗ್ಲಿಷಿನಲ್ಲಿ ಹಕ್ಕುಗಳಿಗೂ ‘ರೈಟ್ಸ್’, ವಿಧಿ-ಆಚರಣೆಗಳಿಗೂ ‘ರೈಟ್ಸ್’. ಕಾಗುಣಿತ ಬೇರೆ, ಉಚ್ಚಾರ ಒಂದೇ. ಪುಸ್ತಕದ ಮೇಲಿರುವುದು ಎರಡನೆಯದು, ಕಿವಿಗೆ ಬೀಳುವುದು ಎರಡೂ. ಕನ್ನಡದಲ್ಲಿ ಬರೆದರೆ ಕಾಗುಣಿತದ ವ್ಯತ್ಯಾಸವೂ ಉಳಿಯುವುದಿಲ್ಲ, ಪೂರ್ತಿ ಬೆರೆತುಹೋಗುತ್ತದೆ. ಪ್ರ್ಯಾಚೆಟ್‌ಗೆ ಗೊತ್ತಾಗಿದ್ದರೆ ಖುಷಿಪಡುತ್ತಿದ್ದ ಅನಿಸುತ್ತದೆ.

ಇನ್ನು ಗ್ರ್ಯಾನಿಯ ಮಂತ್ರ. ಅವಳು ಮಂತ್ರ ಹಾಕುವುದೇ ಅಪರೂಪ. ಅವಳ ವಿದ್ಯೆಗೆ ‘ಹೆಡಾಲಜಿ’ ಅಂತ ಹೆಸರು. ಬುದ್ಧಿಗೆ ಕೀಲಿ ಕೊಡುವುದು ಅಂತಿಟ್ಟುಕೊಳ್ಳಿ. ಕಾದ ನೀರಿಗೆ ಒಂದಿಷ್ಟು ಹಣ್ಣಿನ ರಸ ಬೆರೆಸಿ, ಇದು ಕುಬ್ಜರಿಂದ ತಂದ ವಿಶೇಷ ಔಷಧಿ ಅಂತ ಕೊಟ್ಟು ಒಬ್ಬನನ್ನು ಬದುಕಿಸಿದ್ದಾಗಿ ಅವಳೇ ಹೇಳಿಕೊಳ್ಳುತ್ತಾಳೆ. ಅದರಲ್ಲಿ ಅವಳಿಗೆ ನಾಚಿಕೆಯೂ ಇಲ್ಲ. ಚೂಪು ಟೋಪಿಯೂ ಅದೇ ವಿದ್ಯೆ. ಟೋಪಿ ಕಂಡರೆ ಜನ ತಾವೇ ದಾರಿ ಬಿಡುತ್ತಾರೆ.

ಕೊರತೆ ಇಲ್ಲ ಅಂತಲ್ಲ. ಕೊನೆಯ ಭಾಗದಲ್ಲಿ ಬೇರೆ ಲೋಕದ ರಾಕ್ಷಸರು ನುಗ್ಗಿ ಬರುತ್ತಾರೆ, ಎಲ್ಲ ಗಡಿಬಿಡಿ. ಎಸ್ಕ್ ಸ್ವಲ್ಪ ಮಸುಕಾಗುತ್ತಾಳೆ. ಗ್ರ್ಯಾನಿಯೂ ಇಲ್ಲಿ ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ.

ಅವಳು ಹದಕ್ಕೆ ಬರುವುದು 1988ರ ‘ವಿಯರ್ಡ್ ಸಿಸ್ಟರ್ಸ್’ನಲ್ಲಿ. ಅದರ ಮೊದಲ ಪುಟ ಮಾತ್ರ ಹೇಳಿಬಿಡುತ್ತೇನೆ. ಗುಡುಗು, ಸಿಡಿಲು, ಬೆಂಕಿಯ ಸುತ್ತ ಮೂವರು ಮಾಟಗಾತಿಯರು. ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕದ ಹಾಗೇ, ನಾವು ಮೂವರು ಮತ್ತೆ ಸೇರುವುದು ಯಾವಾಗ ಅಂತ ಒಂದು ಭಯಂಕರ ದನಿ ಕೇಳುತ್ತದೆ. ಸ್ವಲ್ಪ ಹೊತ್ತು ಮೌನ. ಇನ್ನೊಂದು ದನಿ, ತೀರಾ ಮಾಮೂಲಿ ದನಿ, ಮುಂದಿನ ಮಂಗಳವಾರ ತನಗೆ ಆಗುತ್ತದೆ ಅನ್ನುತ್ತದೆ. ನಿಮಗೆ ‘ಮ್ಯಾಕ್‌ಬೆತ್’ ಗೊತ್ತಿದ್ದರೆ ನನ್ನ ಉತ್ತರ ಮರೆತು ಸೀದಾ ಇದನ್ನೇ ಹಿಡಿಯಿರಿ. ಗೊತ್ತಿಲ್ಲದಿದ್ದರೆ ಮತ್ತದೇ ಮಿಮಿಕ್ರಿ ಸಮಸ್ಯೆ.

‘ಇದು ಮಕ್ಕಳ ಪುಸ್ತಕ ಅಲ್ವಾ?’ ಅಂತಲೂ ಕೇಳುತ್ತಾರೆ. ಅಲ್ಲ. ಮಕ್ಕಳಿಗೇ ಬೇಕಿದ್ದರೆ 2003ರ ‘ದಿ ವೀ ಫ್ರೀ ಮೆನ್’ ಕೊಡಿ. ಅದರಲ್ಲಿ ಒಂಬತ್ತು ವರ್ಷದ ಹುಡುಗಿ ಬಾಣಲೆ ಹಿಡಿದು ಯುದ್ಧಕ್ಕೆ ಹೊರಡುತ್ತಾಳೆ.

ಕೊನೆಗೊಂದು ಎಚ್ಚರಿಕೆ. ‘ಈಕ್ವಲ್ ರೈಟ್ಸ್’ನಲ್ಲಿ ಅಧ್ಯಾಯಗಳೇ ಇಲ್ಲ. ‘ಈ ಅಧ್ಯಾಯ ಮುಗಿಸಿ ಮಲಗುತ್ತೇನೆ’ ಅಂತ ಮನೆಯವರಿಗೆ ಮಾತು ಕೊಡಬೇಡಿ.