ತಾಳಮದ್ದಳೆ ಕೇಳಲು ಒಂದು ಸದ್ದಿಲ್ಲದ ಕಂಪ್ಯೂಟರ್

ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನ. ಅದರಲ್ಲಿ ಪಾತ್ರವಾಗಿ ಮಾತಾಡುವ ಒಳ್ಳೆಯ ಅರ್ಥಧಾರಿ ಮಾತು ನಿಲ್ಲಿಸುವ ಜಾಗ ಇದೆಯಲ್ಲ, ನನಗೆ ಅದು ಸರಿಯಾಗಿ ಕೇಳಬೇಕು. ಎದುರು ಕೂತವರು ಒಂದು ಪ್ರಶ್ನೆ ಎಸೆದಿರುತ್ತಾರೆ. ಇವರು ಕೂಡಲೇ ಉತ್ತರ ಕೊಡುವುದಿಲ್ಲ. ಒಂದು ಉಸಿರು ಎಳೆದುಕೊಳ್ಳುತ್ತಾರೆ. ಮದ್ದಳೆಯವರ ಬೆರಳು ಸುಮ್ನೆ ಒಮ್ಮೆ ಚರ್ಮಕ್ಕೆ ತಾಗುತ್ತದೆ. ಸಭೆಯಲ್ಲಿ ಯಾರೋ ಕೆಮ್ಮುತ್ತಾರೆ. ಆಮೇಲೆ ತಗ್ಗಿದ ದನಿಯಲ್ಲಿ ಮೊದಲ ಮಾತು ಹೊರಡುತ್ತದೆ. ಆ ಎರಡು ಮೂರು ಸೆಕೆಂಡಿನಲ್ಲಿ ಕಂಪ್ಯೂಟರಿನ ಫ್ಯಾನ್ ಗುಂಯ್ ಅಂದರೆ ಎಲ್ಲಾ ಹೋಯಿತು. ನಾನು ಚಾವಡಿಗೆ ಹೊಸ ಕಂಪ್ಯೂಟರ್ ಜೋಡಿಸಿದ್ದು ಈ ಒಂದು ಕಾರಣಕ್ಕೆ.

ನಮ್ಮದು ಬದಿಯಡ್ಕದ ಕಡೆಯ ಹಳ್ಳಿ. ನಾನು ಶಾಲೆಯಲ್ಲಿ ಗಣಿತ ಹೇಳುವವನು. ಅಪ್ಪ ಟೇಪ್ ರೆಕಾರ್ಡರ್ ಹೊತ್ತುಕೊಂಡು ದೇವಸ್ಥಾನ, ಮಠ, ಶಾಲೆಯ ಸಭಾಂಗಣ ಎಂದು ತಾಳಮದ್ದಳೆ ಇದ್ದಲ್ಲೆಲ್ಲ ಹೋಗುತ್ತಿದ್ದರು. ಅವರು ಬಿಟ್ಟುಹೋದ ಕ್ಯಾಸೆಟ್ಟುಗಳು ಒಂದು ಕಪಾಟು ತುಂಬ ಇವೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದರೆ ಮಾತು ಇದೆ, ಹಾಡುವ ಭಾಗವತರಾದ ಬಲಿಪ ನಾರಾಯಣ ಭಾಗವತರ ಪದ ಇದೆ. ಶೇಣಿಯವರು 2006ರಲ್ಲಿ, ಬಲಿಪರು 2023ರಲ್ಲಿ ತೀರಿಕೊಂಡರು. ಇಬ್ಬರೂ ನಮ್ಮ ಕಾಸರಗೋಡಿನ ಮಣ್ಣಿನವರು. ಇನ್ನು ಈ ದನಿಗಳು ಹೊಸದಾಗಿ ಸಿಗುವುದಿಲ್ಲ. ಇರುವುದನ್ನು ಚೆನ್ನಾಗಿ ಉಳಿಸಿಕೊಳ್ಳಬೇಕು, ಚೆನ್ನಾಗಿ ಕೇಳಬೇಕು. ಜೊತೆಗೆ ಮನೆಯವರಿಗೆ ಟಿವಿಯಲ್ಲಿ ಸಿನಿಮಾ, ಯಕ್ಷಗಾನದ ವಿಡಿಯೋ ಎಲ್ಲ ನೋಡಲು ಅದೇ ಪೆಟ್ಟಿಗೆ ಸಾಕಾಗಬೇಕು.

"ಹಳೇ ಕ್ಯಾಸೆಟ್ಟಿಗೆ ಇಷ್ಟೆಲ್ಲ ಯಾಕೆ? ಅದರಲ್ಲೇ ಸುಂಯ್ ಸದ್ದು ಇದೆಯಲ್ಲ?" ಎಂದು ಶಾಲೆಯ ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಿಡಿಯ 16 ಬಿಟ್ ಲೆಕ್ಕದಲ್ಲಿ ಅತಿ ಜೋರಿಗೂ ಅತಿ ಮೆಲ್ಲಗೂ ನಡುವೆ 96 ಡೆಸಿಬೆಲ್ ಅಂತರ ಸಿಗುತ್ತದೆ. ಸುಂಯ್ ತಗ್ಗಿಸುವ ಡಾಲ್ಬಿ ಇಲ್ಲದ ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಅದು 50ರ ಆಸುಪಾಸು. ಆದರೆ ಟೇಪಿನ ಸುಂಯ್ ಒಂದೇ ಸಮನೆ ಇರುತ್ತದೆ. ಹತ್ತು ನಿಮಿಷ ಕೇಳಿದರೆ ಕಿವಿ ಅದನ್ನು ಬದಿಗೆ ಸರಿಸುತ್ತದೆ. ಫ್ಯಾನ್ ಹಾಗಲ್ಲ. ಬಿಸಿಯಾದಾಗ ಏರುತ್ತದೆ, ತಣಿದಾಗ ಇಳಿಯುತ್ತದೆ. ಪ್ರತಿ ಸಲ ಬದಲಾದಾಗಲೂ ಗಮನ ಅತ್ತ ಹೋಗುತ್ತದೆ. ಅಲ್ಲದೆ ಅದರ ಗಾಳಿಯ ಸದ್ದು ಸ, ಶ, ಚ ಮುಂತಾದ ಅಕ್ಷರಗಳ ಮೇಲೆಯೇ ಬಂದು ಕೂರುತ್ತದೆ. ಹಳೇ ರೆಕಾರ್ಡಿಂಗಿನಲ್ಲಿ ಮೊದಲೇ ಮಸುಕಾಗಿರುವುದು ಅವೇ ಅಕ್ಷರಗಳು. ಹಾಗಾಗಿ ರೆಕಾರ್ಡಿಂಗ್ ಎಷ್ಟು ಹಳೆಯದೋ, ಕೇಳುವ ಕೋಣೆ ಅಷ್ಟು ಸದ್ದಿಲ್ಲದೆ ಇರಬೇಕು ಎನ್ನುವುದು ನನ್ನ ಅಭಿಪ್ರಾಯ.

ಬೋರ್ಡ್ ಏಸ್‌ರಾಕ್‌ನ ಎನ್100ಡಿಸಿ-ಐಟಿಎಕ್ಸ್. 17 ಸೆಂಟಿಮೀಟರ್ ಚೌಕದ ಸಣ್ಣ ಬೋರ್ಡ್, ಮೇಲೆಯೇ ಇಂಟೆಲ್ ಎನ್100 ಪ್ರೊಸೆಸರ್ ಕೂತಿದೆ. 2023ರಲ್ಲಿ ಬಂದ ಈ ಪ್ರೊಸೆಸರಿನ ಟಿಡಿಪಿ, ಅಂದರೆ ಹೊರಹಾಕಬೇಕಾದ ಬಿಸಿಯ ಲೆಕ್ಕ, ಬರೇ 6 ವಾಟ್. ಅದಕ್ಕೆ ಫ್ಯಾನ್ ಬೇಡ, ಅಲ್ಯುಮಿನಿಯಂ ಹೀಟ್ ಸಿಂಕ್ ಸಾಕು. ಹಾಡು ನುಡಿಸುವುದಕ್ಕೆ ಇದು ಧಾರಾಳ, ಫೋರ್‌ಕೆ ವಿಡಿಯೋ ಕೂಡ ನೀರು ಕುಡಿದಷ್ಟು ಸಲೀಸಾಗಿ ಓಡುತ್ತದೆ. ಲ್ಯಾಪ್‌ಟಾಪಿನಂತೆ 19 ವೋಲ್ಟಿನ ಅಡಾಪ್ಟರಿನಲ್ಲೇ ನಡೆಯುವುದರಿಂದ ಪವರ್ ಸಪ್ಲೈಯ ಫ್ಯಾನ್ ಕೂಡ ಇಲ್ಲ. ತಿರುಗುವ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ. ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120. ಅದು 120 ಹರ್ಟ್ಸ್‌ನ ಸಣ್ಣ ಗುಂಯ್ ಆಗಿ ಮರದ ಹಲಗೆಗೆ ಇಳಿಯುತ್ತದೆ, ಹಲಗೆ ಅದನ್ನು ದೊಡ್ಡದು ಮಾಡಿ ಕೋಣೆಗೆ ಕೊಡುತ್ತದೆ. ಒಟ್ಟಿನಲ್ಲಿ ನನ್ನ ಪೆಟ್ಟಿಗೆಯಲ್ಲಿ ಅಲುಗಾಡುವ ವಸ್ತು ಒಂದೂ ಇಲ್ಲ.

ಪೆಟ್ಟಿಗೆ ಮಾಡಿಕೊಟ್ಟದ್ದು ಪೇಟೆಯಲ್ಲಿ ಕಿಟಕಿ ಮಾಡುವ ಅಲ್ಯುಮಿನಿಯಂ ಅಂಗಡಿಯವರು. ಅಡ್ಡ ಮಲಗಿಸುವ ಬದಲು ನಿಲ್ಲಿಸಿದ್ದೇನೆ. ಕೆಳಗೂ ಮೇಲೂ ಕಿಂಡಿ ಇದೆ. ಬಿಸಿ ಗಾಳಿ ತಾನಾಗಿ ಮೇಲೆ ಹೋಗುತ್ತದೆ, ಕೆಳಗಿನಿಂದ ತಣ್ಣನೆ ಗಾಳಿ ಬರುತ್ತದೆ. ಕಿಂಡಿಗಳಿಗೆ ಕಿಟಕಿಗೆ ಹಾಕುವ ಸೊಳ್ಳೆ ಬಲೆ ಬಡಿಸಿದ್ದೇನೆ. ನಮ್ಮೂರಿನಲ್ಲಿ ಇದು ಬೇಕೇ ಬೇಕು. ಮಳೆಗಾಲದಲ್ಲಿ ಬೆಚ್ಚಗಿನ ಪೆಟ್ಟಿಗೆ ಕಂಡರೆ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡುತ್ತವೆ. ಹಲ್ಲಿ ಒಳಗೆ ಹೋಗಿ ಬೋರ್ಡಿನ ಮೇಲೆ ಸತ್ತರೆ ಬೋರ್ಡೂ ಹೋಯಿತು. ಎಲ್ಲಕ್ಕಿಂತ ಕಷ್ಟ ಕುಂಬಾರ ಹುಳದ್ದು. ಖಾಲಿ ಇರುವ ಯುಎಸ್‌ಬಿ ತೂತು ಅದಕ್ಕೆ ಹೇಳಿ ಮಾಡಿಸಿದ ಜಾಗ, ಮಣ್ಣು ತಂದು ಮೆತ್ತಿಬಿಡುತ್ತದೆ. ಬಳಸದ ಪೋರ್ಟುಗಳಿಗೆಲ್ಲ ರಬ್ಬರ್ ಮುಚ್ಚಳ ಹಾಕಿದ್ದೇನೆ. ಏಪ್ರಿಲಿನ ಸೆಕೆಯಲ್ಲೂ ಪ್ರೊಸೆಸರ್ 60 ಡಿಗ್ರಿ ದಾಟುವುದು ಅಪರೂಪ. ಅದರ ಮಿತಿ 105 ಡಿಗ್ರಿ, ಹಾಗಾಗಿ ಚಿಂತೆ ಇಲ್ಲ.

ಫ್ಯಾನ್ ಇಲ್ಲದಿದ್ದರೆ ಸದ್ದು ಮುಗಿಯಿತು ಎಂದುಕೊಳ್ಳಬೇಡಿ. ನಿಜವಾದ ಕೆಲಸ ಅಲ್ಲಿಂದ ಶುರು. ಈಗ ಸ್ಪೀಕರಿನೊಳಗಿನ ಹಮ್ ಕೇಳಿಸುತ್ತದೆ. ಕರೆಂಟಿನ 50 ಹರ್ಟ್ಸ್, ಅದರ ದುಪ್ಪಟ್ಟು 100 ಹರ್ಟ್ಸ್. ಟಿವಿ, ಕಂಪ್ಯೂಟರ್, ಆಂಪ್ಲಿಫೈಯರ್ ಮೂರೂ ಬೇರೆ ಬೇರೆ ದಾರಿಯಲ್ಲಿ ಭೂಮಿಗೆ ಸೇರಿದಾಗ ಆ ದಾರಿಗಳ ನಡುವೆ ಸಣ್ಣ ಕರೆಂಟು ಸುತ್ತುತ್ತದೆ. ಅದು ಆಡಿಯೋ ವಯರಿನ ಮೂಲಕವೂ ಹಾದು ಸ್ಪೀಕರಿನಲ್ಲಿ ಹಮ್ ಆಗಿ ಹೊರಬರುತ್ತದೆ. ಇದರಲ್ಲಿ ದೊಡ್ಡ ಪಾಲು ಕೇಬಲ್ ಟಿವಿಯ ವಯರಿನದ್ದು. ಅದು ಕಂಬದಿಂದ ಕಂಬಕ್ಕೆ ಬರುವಾಗ ತನ್ನದೇ ಅರ್ತ್ ಹೊತ್ತು ತರುತ್ತದೆ. ಮನೆಗೆ ಫೈಬರ್ ಬಂದ ಮೇಲೆ ಆ ವಯರನ್ನು ಕಿತ್ತು ತೆಗೆದೆ. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟೂ ಹರಿಯುವುದಿಲ್ಲ, ಸಿಡಿಲೂ ಹರಿಯುವುದಿಲ್ಲ. ತುಲಾಮಾಸದ ಗುಡುಗು ಮಿಂಚು ನೋಡಿದವರಿಗೆ ಇದರ ಬೆಲೆ ಗೊತ್ತು. ಆದರೂ ಮೋಡ ಕಟ್ಟಿದರೆ ಪ್ಲಗ್ ಎಳೆಯುವುದನ್ನು ನಾನು ಬಿಟ್ಟಿಲ್ಲ.

ಉಳಿದ ಹಮ್ ಒಂದು ವಿಚಿತ್ರ ಮಾಡುತ್ತಿತ್ತು. ಮಳೆಗಾಲದಲ್ಲಿ ಇಲ್ಲ, ಮಾರ್ಚ್ ಕಳೆದರೆ ಶುರು. ನಮ್ಮ ವಯರಿಂಗ್ ಮಾಡುವವರು ಬಂದು ಸ್ಪೀಕರಿಗೆ ಕಿವಿ ಕೊಟ್ಟರು. ಏನೂ ಬಿಚ್ಚಿ ನೋಡಲಿಲ್ಲ. "ಮಾಷ್ಟ್ರೇ, ಅರ್ತಿಂಗ್ ಗುಂಡಿಗೆ ನೀರು ಹೊಯ್ದು ಎಷ್ಟು ಕಾಲ ಆಯಿತು?" ಎಂದರು. ಮುರಕಲ್ಲಿನ ಜಾಗ ನಮ್ಮದು. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಮಣ್ಣಿನ ತಡೆ ಏರುತ್ತದೆ, ಅಡಾಪ್ಟರಿನಿಂದ ಸೋರುವ ಸಣ್ಣ ಕರೆಂಟಿಗೆ ಇಳಿಯಲು ದಾರಿ ಸಿಗುವುದಿಲ್ಲ. ಅವರು ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿ ಕೊಟ್ಟರು. ಈಗ ಬೇಸಿಗೆಯಲ್ಲಿ ಬಾಳೆಗೆ ನೀರು ಬಿಡುವಾಗ ಆ ಗುಂಡಿಗೂ ಒಂದು ಕೊಡ ಹೋಗುತ್ತದೆ. ಇದರ ಜೊತೆಗೆ ಎರಡು ಪಿನ್ನಿನ ಅಡಾಪ್ಟರ್ ತೆಗೆದು ಮೂರು ಪಿನ್ನಿನದ್ದು ಹಾಕಿದೆ, ಎಲ್ಲ ಉಪಕರಣಗಳನ್ನು ಒಂದೇ ಸ್ವಿಚ್ ಬೋರ್ಡಿಗೆ ತಂದೆ. ಇನ್ವರ್ಟರ್ ಇರುವವರಿಗೆ ಒಂದು ಮಾತು: ಅದು ಸೈನ್ ವೇವ್ ಆಗಿರಲಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರೇ ಜುಂಯ್ ಎನ್ನುತ್ತದೆ. ಕರೆಂಟು ಹೋಗುವ ನಮ್ಮಂಥ ಊರಿನಲ್ಲಿ ಸಾವಿರಾರು ರೂಪಾಯಿಯ ಯುಎಸ್‌ಬಿ ಕೇಬಲ್ ತಗೊಳ್ಳುವ ಬದಲು ಆ ದುಡ್ಡು ಅರ್ತಿಂಗಿಗೆ ಹಾಕಿ. ಕೇಬಲ್ಲಿನಿಂದ ನನಗೆ ಏನೂ ವ್ಯತ್ಯಾಸ ಕೇಳಿಸಿಲ್ಲ, ಅರ್ತಿಂಗಿನಿಂದ ಕೇಳಿಸಿತು.

ಬೋರ್ಡಿನಲ್ಲೇ ಇರುವ ಸೌಂಡನ್ನು ನಾನು ಬಳಸುತ್ತಿಲ್ಲ. ಯುಎಸ್‌ಬಿಗೆ ಹೊರಗಿನ ಒಂದು ಸಣ್ಣ ಡ್ಯಾಕ್ ಜೋಡಿಸಿದ್ದೇನೆ, ಡಿಜಿಟಲ್ ಡೇಟಾವನ್ನು ಸದ್ದಿನ ಸಿಗ್ನಲ್ ಮಾಡುವ ಪೆಟ್ಟಿಗೆ ಅದು. ಈಗಿನ ಯುಎಸ್‌ಬಿ ಡ್ಯಾಕ್‌ಗಳಲ್ಲಿ ಸದ್ದಿನ ವೇಗ ಹಿಡಿಯುವ ಗಡಿಯಾರ ಡ್ಯಾಕಿನೊಳಗೇ ಇರುತ್ತದೆ, ಕಂಪ್ಯೂಟರ್ ಅದು ಕೇಳಿದಾಗ ಕೇಳಿದಷ್ಟು ಡೇಟಾ ಕೊಟ್ಟರಾಯಿತು. ಒಳಗೆ ಲಿನಕ್ಸ್. ಸಂಗೀತಕ್ಕೆ ಎಂಪಿಡಿ, ಟಿವಿಗೆ ಕೋಡಿ ಎಂಬ ಸಾಫ್ಟ್‌ವೇರ್. ಎಂಪಿಡಿ ನೇರವಾಗಿ ಲಿನಕ್ಸಿನ ಸೌಂಡ್ ವ್ಯವಸ್ಥೆ ಆಲ್ಸಾ ಮೂಲಕ ಡ್ಯಾಕಿಗೆ ಹೋಗುವಂತೆ ಮಾಡಿದ್ದೇನೆ, ನಡುವೆ ಯಾವುದೂ ಸಿಡಿಯ 44.1 ಕಿಲೋಹರ್ಟ್ಸನ್ನು (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆದಿದೆ ಎಂಬ ಲೆಕ್ಕ) 48 ಮಾಡುವುದಿಲ್ಲ. ಟಿವಿ ಹಾಕದೆ ಫೋನಿನಿಂದಲೇ ಎಲ್ಲ ನಡೆಸಬಹುದು. ನನಗೆ ಅದು ಮುಖ್ಯ. ಮದ್ದಳೆ ಕೇಳುವಾಗ ಎದುರಿಗೆ ಪರದೆ ಹೊಳೆಯುವುದು ಬೇಡ.

ಫೈಲುಗಳಿಗೆ ಹೆಸರು ಕೊಡುವುದರಲ್ಲಿ ನಾನು ಸಾಕಷ್ಟು ಹೊತ್ತು ಕಳೆದಿದ್ದೇನೆ, ಖುಷಿಯಿಂದಲೇ. ಗುಣ ಕೆಡದಂತೆ ಸದ್ದನ್ನು ಚಿಕ್ಕದು ಮಾಡಿ ಇಡುವ ಫ್ಲಾಕ್ ಫೈಲಿನ ಟ್ಯಾಗುಗಳು ಯುನಿಕೋಡಿನಲ್ಲಿ ಇರುವುದರಿಂದ ಎಲ್ಲವನ್ನೂ ಕನ್ನಡದಲ್ಲೇ ಬರೆಯಬಹುದು. ಆದರೆ ಈ ಸಾಫ್ಟ್‌ವೇರುಗಳನ್ನು ಮಾಡಿದವರ ತಲೆಯಲ್ಲಿ ಇದ್ದದ್ದು ಆಲ್ಬಂ, ಆರ್ಟಿಸ್ಟ್, ಕಂಪೋಸರ್. ತಾಳಮದ್ದಳೆಯಲ್ಲಿ ಅವು ಯಾರು? ನಾನು ಹೀಗೆ ಮಾಡಿಕೊಂಡೆ. ಆಲ್ಬಮ್ಮಿನ ಜಾಗದಲ್ಲಿ ಪ್ರಸಂಗ, ಅಂದರೆ ನಡೆಯುವ ಕಥೆ. ಆರ್ಟಿಸ್ಟ್ ಜಾಗದಲ್ಲಿ ಭಾಗವತರು, ಯಾಕೆಂದರೆ ವೇಷದ ಆಟ ಇರಲಿ, ತಾಳಮದ್ದಳೆಯ ಕೂಟ ಇರಲಿ, ನಡೆಸುವವರು ಅವರೇ ಅಲ್ವಾ. ಅರ್ಥಧಾರಿಗಳು ಪರ್ಫಾರ್ಮರ್. ಪ್ರಸಂಗ ಬರೆದ ಕವಿ ಕಂಪೋಸರ್. ಈಗ ಫೋನಿನಲ್ಲಿ ಪಾರ್ತಿಸುಬ್ಬ ಎಂದು ಒತ್ತಿದರೆ ಕುಂಬಳೆಯ ಆ ಕವಿಯ ರಾಮಾಯಣದ ಪ್ರಸಂಗಗಳೆಲ್ಲ ಒಂದು ಸಾಲಿಗೆ ಬರುತ್ತವೆ, ಬೇರೆ ಬೇರೆ ಭಾಗವತರ ದನಿಯಲ್ಲಿ. ಒಂದೇ ಪದವನ್ನು ಇಬ್ಬರು ಎತ್ತಿಕೊಂಡ ರೀತಿಯನ್ನು ಬೆನ್ನು ಬೆನ್ನಿಗೆ ಕೇಳಬಹುದು. ಕ್ಯಾಸೆಟ್ಟಿನಲ್ಲಿ ಇದು ಆಗದ ಮಾತು.

ಕ್ಯಾಸೆಟ್ಟಿನಿಂದ ಇಳಿಸುವಾಗ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟುಕೊಂಡಿದ್ದೇನೆ. ಒಂದು ಸಿ-90 ಕ್ಯಾಸೆಟ್ಟಿಗೆ ಸ್ಟೀರಿಯೋದಲ್ಲಿ ಸುಮಾರು ಒಂದೂವರೆ ಜಿಬಿ, ಫ್ಲಾಕ್ ಮಾಡಿದರೆ ಅದಕ್ಕಿಂತ ಕಡಿಮೆ. 24 ಬಿಟ್ ಯಾಕೆ ಅಂದರೆ ಲೆವೆಲ್ಲನ್ನು ಧೈರ್ಯವಾಗಿ ತಗ್ಗಿಸಿ ಇಡಬಹುದು. ಅರ್ಧ ಗಂಟೆ ಮೆಲ್ಲಗಿನ ಮಾತು ನಡೆದು ಒಮ್ಮೆಗೇ ಚೆಂಡೆ ಬಿದ್ದರೂ ಸದ್ದು ಒಡೆಯುವುದಿಲ್ಲ. ಇದಕ್ಕಿಂತ ದೊಡ್ಡ ವ್ಯತ್ಯಾಸ ಕೊಡುವುದು ಕ್ಯಾಸೆಟ್ ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ ಪಕ್ಕದ ಪುಟ್ಟ ಸ್ಕ್ರೂ. ಅಪ್ಪನ ರೆಕಾರ್ಡರಿನ ಹೆಡ್ ನಿಂತ ಕೋನಕ್ಕೂ ನನ್ನ ಡೆಕ್ಕಿನ ಕೋನಕ್ಕೂ ಕೂದಲೆಳೆಯ ವ್ಯತ್ಯಾಸ ಇದ್ದರೂ ಮೇಲಿನ ಸ್ವರಗಳೆಲ್ಲ ಮಂಕು. ಕ್ಯಾಸೆಟ್ ಓಡುತ್ತಿರುವಾಗ ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದು ಕಡೆ ಚಕ್ರತಾಳದ ಲೋಹದ ನಾದ ಥಟ್ಟನೆ ಬಿಡಿಸಿ ಕೇಳುತ್ತದೆ. ಅಲ್ಲೇ ನಿಲ್ಲಿಸಬೇಕು. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಮಾಡುತ್ತೇನೆ.

ಹೊಸ ಪೆಟ್ಟಿಗೆಯಲ್ಲಿ ಕೇಳುವಾಗ ನನಗೆ ಮೊದಲು ಗೊತ್ತೇ ಇರದ ಒಂದು ಸಂಗತಿ ಸಿಕ್ಕಿತು. ಕೆಲವು ಕಡೆ ಚೆಂಡೆಯ ಪೆಟ್ಟು ಬೀಳುವ ಒಂದು ಕ್ಷಣ ಮೊದಲೇ ಅದೇ ಪೆಟ್ಟು ಬಹಳ ದೂರದಿಂದ ಎಂಬಂತೆ ಕೇಳಿಸುತ್ತದೆ. ಟೇಪು ಸುರುಳಿಯಾಗಿ ಸುತ್ತಿಕೊಂಡು ವರ್ಷಗಟ್ಟಲೆ ಕೂತಾಗ ಒಂದು ಸುತ್ತಿನ ಜೋರಾದ ಸದ್ದು ಅದಕ್ಕೆ ತಾಗಿದ ಸುತ್ತಿಗೂ ಅಚ್ಚಾಗುತ್ತದೆ. ಟೇಪು ತೆಳ್ಳಗಿದ್ದಷ್ಟು ಇದು ಜಾಸ್ತಿ. ಸಿ-90ರ ಟೇಪು 12 ಮೈಕ್ರಾನ್ ಆಸುಪಾಸು, ಸಿ-120ರದ್ದು 9. ಅಪ್ಪನ ಕ್ಯಾಸೆಟ್ಟುಗಳಲ್ಲಿ ಎರಡೂ ಇವೆ. ಇದು ದೋಷವೇ, ತೆಗೆಯಲು ಸಾಫ್ಟ್‌ವೇರ್ ಬಳಸಬಹುದು. ನಾನು ತೆಗೆಯುವುದಿಲ್ಲ. ಸುಂಯ್ ಸದ್ದನ್ನೂ ಅಳಿಸುವುದಿಲ್ಲ. ಅಳಿಸುವ ಸಾಫ್ಟ್‌ವೇರಿಗೆ ಟೇಪಿನ ಸದ್ದು ಯಾವುದು, ಅರ್ಥಧಾರಿಯ ಉಸಿರು ಯಾವುದು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಒರೆಸಿಬಿಡುತ್ತದೆ.

ಕೋಣೆಯ ವಿಷಯ ಸ್ವಲ್ಪ. ನಮ್ಮ ಚಾವಡಿಗೆ ಕಾವಿ ನೆಲ, ಗಾರೆಯ ಗೋಡೆ. ಚಪ್ಪಾಳೆ ತಟ್ಟಿದರೆ ಟಣ್ ಎಂದು ತಿರುಗಿ ಬರುತ್ತಿತ್ತು. ಸ್ಪೀಕರ್ ಎದುರು ದಪ್ಪ ಜಮಖಾನ ಹಾಸಿದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ತಂದಿಟ್ಟೆ. ಸಾಕಾಯಿತು. ಮೇಲೆ ಹಂಚಿನ ಮಾಡು ಇರುವುದರಿಂದ ಆಟಿಯ ಜಡಿಮಳೆಯಲ್ಲಿ ಏನೂ ಕೇಳುವುದಿಲ್ಲ, ಆಗ ಹೆಡ್‌ಫೋನ್. ಬೇಸಿಗೆಯ ಹಗಲಲ್ಲಿ ಸೀಲಿಂಗ್ ಫ್ಯಾನ್ ಬೇಕೇ ಬೇಕು, ಆಗ ಸಿನಿಮಾ. ತಾಳಮದ್ದಳೆಗೆ ನನ್ನ ಹೊತ್ತು ನವರಾತ್ರಿ ಕಳೆದ ಮೇಲಿನ ತಿಂಗಳುಗಳ ರಾತ್ರಿ.

ಕಪಾಟಿನಲ್ಲಿ ಇನ್ನೂ ಸುಮಾರು ಕ್ಯಾಸೆಟ್ಟುಗಳು ಉಳಿದಿವೆ. ಬೂಸರು ಹಿಡಿದವನ್ನು ಬೇರೆ ಇಟ್ಟಿದ್ದೇನೆ. ಅವನ್ನು ಹಾಗೇ ಡೆಕ್ಕಿಗೆ ಹಾಕಿದರೆ ಬೂಸರು ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮೊದಲು ಒಣ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಆಮೇಲೆ ಹಳೆಯ ಬೇರೊಂದು ಡೆಕ್ಕಿನಲ್ಲಿ ಮೆತ್ತನೆ ಬಟ್ಟೆ ತಾಗಿಸಿ ಸುತ್ತಿಸಿ ಸ್ವಚ್ಛ ಮಾಡುತ್ತಿದ್ದೇನೆ. ಇಳಿಸಿದ್ದರ ಇನ್ನೊಂದು ಪ್ರತಿ ಪುತ್ತೂರಿನ ತಂಗಿಯ ಮನೆಯಲ್ಲಿದೆ. ಕುಂಬಳೆ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಕಡೆಯವರ ಮನೆಯ ಅಟ್ಟದಲ್ಲಿ ಇಂಥ ಕ್ಯಾಸೆಟ್ಟುಗಳಿದ್ದರೆ ದಯವಿಟ್ಟು ಎಸೆಯಬೇಡಿ. ಬೂಸರು ಇದ್ದರೂ ಪರವಾಗಿಲ್ಲ, ತನ್ನಿ. ಇಳಿಸಿ, ಟ್ಯಾಗು ಬರೆದು, ಕ್ಯಾಸೆಟ್ಟನ್ನೂ ಫೈಲನ್ನೂ ನಿಮ್ಮ ಕೈಗೇ ಕೊಡುತ್ತೇನೆ. ಪ್ರಸಂಗ ಯಾವುದು, ಯಾರ ಅರ್ಥ, ಎಲ್ಲಿ ನಡೆದದ್ದು ಎಂದು ನೆನಪಿದ್ದವರು ಮನೆಯಲ್ಲಿ ಇದ್ದರೆ ಅವರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.